ಹೊಳಪಿಗಿಂತ ಮೊದಲು ಮರ ನೋಡಿ

ಬೋಟ್ ಇದೆ ಅಂದ ಕೂಡಲೇ ಊರಿನಲ್ಲಿ ನಮ್ಮನ್ನು ಕುಬೇರರ ಸಾಲಿಗೆ ಸೇರಿಸಿಬಿಡುತ್ತಾರೆ. ಸಿಯಾಟಲ್‌ನಲ್ಲಿ ನಲವತ್ತೈವತ್ತು ವರ್ಷದ ಹಾಯಿದೋಣಿ ಹಳೇ ಕಾರಿನ ಬೆಲೆಗೂ ಸಿಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಖರ್ಚು ಶುರುವಾಗುವುದು ಆಮೇಲೆ. ನಮ್ಮದು 1978ರಲ್ಲಿ ತೈವಾನ್‌ನಲ್ಲಿ ಕಟ್ಟಿದ ಮೂವತ್ತು ಅಡಿಯ ದೋಣಿ. ಮೈಯೆಲ್ಲ ಫೈಬರ್, ಆದರೆ ಡೆಕ್ಕಿನ ಅಂಚಿಗೆ, ಕೈಹಿಡಿಕೆಗೆ, ಬಾಗಿಲ ಚೌಕಟ್ಟಿಗೆ ತೇಗ. ಆ ಕಾಲದಲ್ಲಿ ತೈವಾನ್‌ನವರು ಅಮೆರಿಕಕ್ಕೆಂದು ಕಟ್ಟಿದ ದೋಣಿಗಳೇ ಹಾಗೆ, ಮದುವೆ ಊಟಕ್ಕೆ ತುಪ್ಪ ಬಡಿಸಿದಂತೆ ಧಾರಾಳವಾಗಿ ತೇಗ ಹಾಕಿದ್ದಾರೆ. ನೋಡಲು ಚಂದ. ನೋಡಿಕೊಳ್ಳುವವರಿಗೆ ಗೊತ್ತು ಕಷ್ಟ.

ನಮ್ಮವರಿಗೆ ಅದು ಕನ್ನಡಿ ಥರ ಹೊಳೆಯಬೇಕು. "ಉಜ್ಜಿ ಎರಡು ಕೈ ವಾರ್ನಿಷ್ ಹೊಡೆದರೆ ಆಯ್ತಲ್ಲ" ಅಂದರು. ನನಗಿದ್ದ ಪ್ರಶ್ನೆ ಬೇರೆ: ಉಜ್ಜೋದಕ್ಕೆ ಮರ ಎಷ್ಟು ಉಳಿದಿದೆ? ಹಿಂದಿನ ಮಾಲೀಕರು ವರ್ಷಾ ವರ್ಷ ಜೋರು ನೀರಿನ ಪೈಪಿನಲ್ಲಿ ತೊಳೆದಿದ್ದರಂತೆ. ತೇಗದಲ್ಲಿ ಗಟ್ಟಿ ಎಳೆ, ಮೆದು ಎಳೆ ಅಂತ ಎರಡಿರುತ್ತದೆ. ಜೋರು ನೀರು, ಗಡಸು ಬ್ರಷ್ಷು ಮೆದುವನ್ನು ಕಿತ್ತುಹಾಕುತ್ತದೆ. ಉಳಿಯುವುದು ಉತ್ತ ಹೊಲದ ಸಾಲು. ಅದನ್ನು ಸಮ ಮಾಡಲು ಮತ್ತೆ ಮರ ಉಜ್ಜಬೇಕು. ಹೀಗೆ ಹತ್ತಿಪ್ಪತ್ತು ಸಲ ಆದಮೇಲೆ ಪಟ್ಟಿಯೇ ಕಾಗದ.

ಎಷ್ಟು ಉಳಿದಿದೆ ಎಂದು ತಿಳಿಯುವುದು ಸುಲಭ. ಪಟ್ಟಿಯ ಮೇಲೆ ರೂಪಾಯಿ ಬಿಲ್ಲೆಗಿಂತ ಚಿಕ್ಕ ಮರದ ಬಿರಡೆಗಳು ಕಾಣುತ್ತವೆ, ಸ್ಕ್ರೂ ತಲೆ ಮುಚ್ಚಲು ಹಾಕಿದವು. ಬಿರಡೆ ಭದ್ರವಾಗಿ ಕೂರಲು ಸುಮಾರು ನಾಲ್ಕೈದು ಮಿಲಿಮೀಟರ್ ಆಳವಾದರೂ ಬೇಕು. ಅವು ತಾವಾಗಿಯೇ ಉದುರುತ್ತಿವೆ, ಸ್ಕ್ರೂ ತಲೆ ಇಣುಕುತ್ತಿದೆ ಅಂದರೆ ಇನ್ನು ಉಜ್ಜುವ ಮಾತೇ ಬೇಡ. ನಮ್ಮ ಅಂಚುಪಟ್ಟಿಯಲ್ಲಿ ಎಡಗಡೆ ಒಂದು ಕಡೆ, ಹಿಂದುಗಡೆ ಒಂದು ಕಡೆ ಹಾಗಾಗಿತ್ತು. ಮಿಕ್ಕಿದ್ದು ಗಟ್ಟಿ.

ಇದನ್ನು ಅಲಂಕಾರ ಎನ್ನುತ್ತಾರೆ, ಪೂರ್ತಿ ಅಲಂಕಾರವೇನಲ್ಲ. ನಮ್ಮ ದೋಣಿಯಲ್ಲಿ ಕೆಳಗಿನ ಒಡಲೂ ಮೇಲಿನ ಡೆಕ್ಕೂ ಕೂಡುವ ಬೆಸುಗೆ ಈ ಪಟ್ಟಿಯ ಅಡಿಯಲ್ಲೇ ಇದೆ. ಸ್ಕ್ರೂ ಸುತ್ತ ನೀರು ಇಳಿದರೆ ಅದು ಹೋಗುವುದು ಡೆಕ್ಕಿನ ಹೊಟ್ಟೆಗೆ. ಇಂಥ ಹಳೇ ಡೆಕ್ಕುಗಳು ಸ್ಯಾಂಡ್‌ವಿಚ್ ಇದ್ದಂತೆ, ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತದೆ. ಅದು ಒದ್ದೆಯಾಗಿ ಕೊಳೆತರೆ ಕಾಲಿಟ್ಟಲ್ಲಿ ತಗ್ಗುತ್ತದೆ. ನಮ್ಮ ಪಾತ್ರೆ ಕಪಾಟಿನ ಮೂಲೆಯಲ್ಲಿ ಕಂದು ಕಲೆ ಇತ್ತು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ನೇರ ಅದರ ಮೇಲಿನ ಸ್ಕ್ರೂ ಅರ್ಧ ಸವೆದಿದೆ. ಸ್ಟೇನ್‌ಲೆಸ್ ಸ್ಟೀಲೇ, ಆದರೆ ಗಾಳಿಯಾಡದ ಒದ್ದೆ ಜಾಗದಲ್ಲಿ ಕೂತರೆ ಅದಕ್ಕೂ ತುಕ್ಕು ತಪ್ಪದು. ಸದ್ಯ, ಒಳಗಿನ ಪ್ಲೈವುಡ್ ಇನ್ನೂ ಗಟ್ಟಿಯಾಗಿತ್ತು. ವಾರ್ನಿಷ್ ಮಾತ್ರ ಹೊಡೆದಿದ್ದರೆ ಆ ಸ್ಕ್ರೂ ಮೇಲೆ ಚಂದದ ಹೊಳಪು ಕೂತು, ಕೆಳಗೆ ಡೆಕ್ಕು ಕೊಳೆಯುತ್ತಿತ್ತು.

ಪೂರ್ತಿ ಪಟ್ಟಿ ಬದಲಿಸಬೇಕಿಲ್ಲ. ಕೆಟ್ಟ ತುಂಡನ್ನು ಓರೆಯಾಗಿ ಕತ್ತರಿಸಿ ಅದೇ ಓರೆಗೆ ಹೊಸ ತುಂಡು ಸೇರಿಸಬಹುದು. ಒಂದಿಂಚು ದಪ್ಪಕ್ಕೆ ಎಂಟಿಂಚು ಉದ್ದದ ಓರೆ ಎಂಬುದು ಇಲ್ಲಿನ ಬಡಗಿಗಳ ಲೆಕ್ಕ. ತೇಗದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ, ಅದಕ್ಕೇ ಅಂಟಿಸುವ ಮುಂಚೆ ಅಸಿಟೋನಿನಲ್ಲಿ ಒರೆಸಬೇಕು. ಮತ್ತೆ ಕೂರಿಸುವಾಗ ಅಡಿಗೆ ನೀರು ತಡೆಯುವ ಪಾಲಿಸಲ್ಫೈಡ್ ಮೇಣ ಹಾಕಿದೆವು. ಸಿಲಿಕಾನ್ ಬೇಡವೇ ಬೇಡ, ಅದು ತಾಗಿದ ಮರದ ಮೇಲೆ ವಾರ್ನಿಷ್ ನಿಲ್ಲುವುದಿಲ್ಲ. ಬಿರಡೆಗಳನ್ನು ಗಟ್ಟಿ ಅಂಟಿನ ಬದಲು ವಾರ್ನಿಷ್‌ನಲ್ಲೇ ಅದ್ದಿ, ಮರದ ಎಳೆಗೆ ಎಳೆ ಹೊಂದಿಸಿ ಬಡಿದರೆ ಮುಂದೆ ಬಿಚ್ಚುವವರು ಹರಸುತ್ತಾರೆ.

ಹೊಸ ತುಂಡಿಗೆ ಮರ ಎಲ್ಲಿಂದ ತರುವುದು ಎನ್ನುವಾಗ ಮನೆಯಲ್ಲಿ ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ದೋಣಿಗೆ ಒಳ್ಳೆಯ ತೇಗ ಎಂದರೆ ಮ್ಯಾನ್ಮಾರ್ ಕಾಡಿನದು. ಅಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ, 2021ರ ಏಪ್ರಿಲ್‌ನಲ್ಲಿ, ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ ನಿರ್ಬಂಧ ಹೇರಿತು. "ಎರಡು ಮೊಳದ ತುಂಡಿಗೆ ಇಷ್ಟೆಲ್ಲ ಯೋಚನೆ ಯಾಕೆ?" ಅಂದರು ನಮ್ಮವರು. ಎರಡು ಮೊಳಕ್ಕೇ ಯೋಚಿಸದಿದ್ದರೆ ಇನ್ಯಾವುದಕ್ಕೆ ಯೋಚಿಸೋದು ರೀ, ಅಂದೆ. ಕೊನೆಗೆ ಹಳೇ ದೋಣಿ ಸಾಮಾನಿನ ಅಂಗಡಿಯಲ್ಲಿ, ಯಾವುದೋ ಒಡೆದ ದೋಣಿಯ ಮೆಟ್ಟಿಲು ಹಲಗೆ ಸಿಕ್ಕಿತು. ಮೇಲೆ ಕಪ್ಪಗೆ, ಒಳಗೆ ಜೇನಿನ ಬಣ್ಣ. ತೇಗದ ಆಯಸ್ಸೇ ಅಷ್ಟು ಗಟ್ಟಿ. ನಮ್ಮ ಮಲಬಾರಿನ ತೇಗದಲ್ಲಿ ಮುಂಬಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ.

ಇನ್ನು ಹೊಳಪು. ಊರಿನ ಬಾಗಿಲುಗಳಿಗೆ ಹಾಕುವ ಅರಗಿನ ಪಾಲಿಶ್ ಇಲ್ಲಿ ನಡೆಯದು, ನೀರು ಬಿದ್ದರೆ ಬೆಳ್ಳಗಾಗುತ್ತದೆ. ದೋಣಿಯ ವಾರ್ನಿಷ್ಷೇ ಆಗಬೇಕು, ಎರಡು ಕೈ ಸಾಲದು, ಆರೆಂಟು ಕೈ ಬೇಕು. ಮೊದಲ ಕೈಗೆ ಅರ್ಧಕ್ಕರ್ಧ ತಿನ್ನರ್ ಬೆರೆಸಿದರೆ ಮರ ಕುಡಿಯುತ್ತದೆ. ಪ್ರತಿ ಕೈಯ ನಡುವೆ 220ರ ಸ್ಯಾಂಡ್ ಪೇಪರಿನಲ್ಲಿ ಹಗುರಾಗಿ ಎಳೆಗುಂಟ ಉಜ್ಜಬೇಕು. ಸಂಜೆ ತಡವಾಗಿ ಹಚ್ಚಿದರೆ ಇಬ್ಬನಿ ಬಿದ್ದು ಮಂಕಾಗುತ್ತದೆ, ಮಟಮಟ ಮಧ್ಯಾಹ್ನ ಹಚ್ಚಿದರೆ ಗುಳ್ಳೆ ಏಳುತ್ತದೆ. ಸಿಯಾಟಲ್‌ನಲ್ಲಿ ಇದಕ್ಕೆಲ್ಲ ಸಿಗುವುದು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಒಣ ದಿನಗಳು ಮಾತ್ರ.

ಆದ್ದರಿಂದ ರಾಜಿ ಮಾಡಿಕೊಂಡೆವು. ಕೈಹಿಡಿಕೆ ಮತ್ತು ಬಾಗಿಲ ಚೌಕಟ್ಟಿಗೆ ವಾರ್ನಿಷ್. ಹಗ್ಗ, ಬೂಟು ಎಲ್ಲ ತಿಕ್ಕುವ ಅಂಚುಪಟ್ಟಿ ಬರಿಮೈಯಲ್ಲೇ ಇರಲಿ ಎಂದಾಯಿತು. ಬಿಸಿಲಿನ ಊರಲ್ಲಿ ಬರಿ ತೇಗ ಬೆಳ್ಳಿ ಬಣ್ಣಕ್ಕೆ ತಿರುಗುತ್ತದಂತೆ. ನಮ್ಮ ಮಳೆಯಲ್ಲಿ ಹಸಿರು ಪಾಚಿ. ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ಷಿನಲ್ಲಿ, ಎಳೆಗೆ ಅಡ್ಡವಾಗಿ, ಸಾಬೂನು ನೀರು ಹಾಕಿ ತೊಳೆಯುತ್ತೇನೆ. ನಮ್ಮವರು ಆ ಕಡೆ ನೋಡುವುದಿಲ್ಲ.

ವಾರ್ನಿಷ್ ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಬಿಸಿಲು. ಹಾಗಾಗಿ ಕೈಹಿಡಿಕೆಗಳಿಗೆ ದಪ್ಪ ಕ್ಯಾನ್ವಾಸಿನ ಗವಸು ಹೊಲಿದೆ, ತಲೆದಿಂಬಿನ ಕವರಿಗಿಂತ ಸುಲಭ. ಕೆಳಗಡೆ ಪ್ರೆಸ್ ಬಟನ್ ಇಟ್ಟಿದ್ದೇನೆ, ನೀರು ನಿಲ್ಲದಂತೆ ತುದಿ ತೆರೆದೇ ಬಿಟ್ಟಿದ್ದೇನೆ. ನಾಲ್ಕು ಮುಗಿದಿವೆ, ಬಾಗಿಲ ಚೌಕಟ್ಟಿನದು ಬಾಕಿ. ಅದಕ್ಕೆ ಬಣ್ಣ ನೀಲಿಯೋ ಕೆಂಪೋ ಎಂಬ ವಾದ ಇನ್ನೂ ನಡೆಯುತ್ತಿದೆ.