ಗುಂಗುರು ಕೂದಲಿಗೆ ನಾಚಿಕೆ ಏಕೆ?

ವಾಡಿಯಿಂದ ಸೋದರಿಯೊಬ್ಬಳ ಪತ್ರ: “ಅಕ್ಕಾ, ನಾನು ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ನೌಕರಿಗೆಂದು ಇಲ್ಲಿ ಬಂದಿದ್ದೇನೆ. ಶಹಾಬಾದ್ ಬಸ್ಸಿನಲ್ಲಿ ಹೆಂಗಸರು ನನ್ನ ಕೂದಲು ಮುಟ್ಟಿ, ‘ಯಾವ ದೇಶದಾಕಿ?’ ಅಂತಾರೆ. ನೆಟ್ಟಗೆ ಮಾಡಿಸಿಬಿಡಲೇ?”

ಬೇಡ ತಂಗಿ. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಬಂದು, ಉತ್ತರ ಕನ್ನಡದ ಕಾಡಿನಲ್ಲಿ ನೆಲೆ ಕಂಡ ಹಿರಿಯರು ಕೊಟ್ಟ ಬಳುವಳಿ ಅದು. ಕೂದಲು ನೆಟ್ಟಗಾಗಿಸುವ ಕೆಲವು ಔಷಧಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಣ್ಣು, ಗಂಟಲು ಉರಿಯುತ್ತವೆ.

ಅಲ್ಲಿಯದು ಸುಣ್ಣಕಲ್ಲಿನ ನೆಲ. ಗಡಸು ನೀರಿಗೆ ಕೂದಲು ಒರಟಾಗುತ್ತದೆ. ನೀರನ್ನು ಕುದಿಸಿ ಆರಿಸಿ, ಮೇಲಿನ ತಿಳಿಯಲ್ಲಿ ತಲೆ ತೊಳೆದುಕೋ. ಒದ್ದೆಯಿರುವಾಗಲೇ ತುಸು ಕೊಬ್ಬರಿ ಎಣ್ಣೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಮೊದಲು ತುದಿಯ ಸಿಕ್ಕು ಬಿಡಿಸು, ಆಮೇಲೆ ಬುಡದ್ದು.

ಮುಟ್ಟಲು ಬಂದವರಿಗೆ ನಗುತ್ತಲೇ ಹೇಳು: “ನಾನೂ ಕರ್ನಾಟಕದಾಕೀನೇ ರೀ, ಕೈ ತೆಗೀರಿ!”