ಪ್ರಸಾದಕ್ಕೆ ಲೆಕ್ಕವುಂಟೆ?

ನಾಟಕಕ್ಕೆ ಎಷ್ಟು ಮಂದಿ ಬಂದರೆಂಬುದನ್ನು ಹರಿದ ಟಿಕೆಟ್ಟುಗಳು ಹೇಳುತ್ತವೆ; ಪುಸ್ತಕ ಎಷ್ಟು ಕೈಗಳನ್ನು ಸೇರಿತೆಂಬುದನ್ನು ಪ್ರಕಾಶಕರ ಖಾತೆ ಹೇಳುತ್ತದೆ. ಹಣ ಕೈ ಬದಲಾಯಿಸಿದಲ್ಲೆಲ್ಲ ಲೆಕ್ಕವೂ ಜೊತೆಯಲ್ಲೇ ಹುಟ್ಟುತ್ತದೆ. ಆದರೆ ಕೇಳಿದವರಿಗೆಲ್ಲ ಬೆಲೆಯಿಲ್ಲದೆ ದೊರೆಯುವ, ಪಡೆದವರು ಮತ್ತೆ ಹತ್ತು ಮಂದಿಗೆ ಹಂಚಬಹುದಾದ ವಸ್ತುವಿನ ಜನಪ್ರಿಯತೆಯನ್ನು ಅಳೆಯುವ ಬಗೆ ಹೇಗೆ? ಪ್ರಸಾದ ಎಷ್ಟು ಮನೆಗಳನ್ನು ಮುಟ್ಟಿತೆಂದು ಬಲ್ಲವರಾರು?

ಗಣಕಯಂತ್ರಗಳ ಲೋಕದಲ್ಲಿ ಲಿನಕ್ಸ್ ಅಂಥದೊಂದು ವಸ್ತು. ೧೯೯೧ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಆ ತಿರುಳಿಗೆ ಬೇಕಾದ ತಂತ್ರಾಂಶಗಳನ್ನು ಜೋಡಿಸಿ, ಬಳಕೆಗೆ ಸಿದ್ಧಗೊಳಿಸಿ ಹಂಚುವ ಬಳಗಗಳು ಹಲವು ಹುಟ್ಟಿಕೊಂಡವು. ಒಂದೊಂದು ಸಿದ್ಧರೂಪಕ್ಕೂ ‘ವಿತರಣೆ’ ಎಂದು ಹೆಸರು. ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್ — ಹೀಗೆ ಅವು ನೂರಾರು.

ಇವುಗಳಲ್ಲಿ ಮೇಲುಗೈ ಯಾವುದರದೆಂದು ಕೇಳಿದರೆ, ೨೦೦೧ರಲ್ಲಿ ಆರಂಭವಾದ ಡಿಸ್ಟ್ರೋವಾಚ್ ಎಂಬ ಅಂತರಜಾಲ ತಾಣದ ಪಟ್ಟಿಯನ್ನು ತೋರಿಸುವುದು ವಾಡಿಕೆ. ಆದರೆ ಆ ಪಟ್ಟಿ ಎಣಿಸುವುದು ಬಳಕೆದಾರರನ್ನಲ್ಲ. ತಾಣದೊಳಗೆ ಪ್ರತಿಯೊಂದು ವಿತರಣೆಗೂ ಮೀಸಲಾದ ಪರಿಚಯಪುಟವನ್ನು ದಿನಕ್ಕೆ ಎಷ್ಟು ವಿಳಾಸಗಳಿಂದ ನೋಡಲಾಯಿತೆಂಬುದನ್ನು. ತಾಣದವರು ಇದನ್ನು ಮುಚ್ಚಿಟ್ಟಿಲ್ಲ, ಓದುವವರೇ ಮರೆಯುತ್ತಾರೆ. ೨೦೧೯ರ ತರುವಾಯ ಕೆಲವು ವರ್ಷ ಅಲ್ಲಿ ಎಂ.ಎಕ್ಸ್. ಲಿನಕ್ಸ್ ಅಗ್ರಸ್ಥಾನದಲ್ಲಿತ್ತು, ಎಲ್ಲರ ಬಾಯಲ್ಲಿರುವ ಉಬುಂಟು ಅದರ ಕೆಳಗಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನೆಂಟರ ಮನೆಯ ದಾರಿ ಬಲ್ಲವನು ಬೀದಿಯಲ್ಲಿ ವಿಳಾಸ ಕೇಳುತ್ತಾನೆಯೆ? ಆ ಪಟ್ಟಿ ಅಳೆಯುವುದು ಕುತೂಹಲವನ್ನು, ಬಳಕೆಯನ್ನಲ್ಲ.

ಹಾಗಾದರೆ ತಿದ್ದುಪಡಿಗಳನ್ನು ಪಡೆಯಲು ಬರುವ ಯಂತ್ರಗಳ ಅಂತರಜಾಲ ವಿಳಾಸಗಳನ್ನೇ ಎಣಿಸಬಹುದಲ್ಲ? ಫೆಡೋರಾದವರು ಬಹುಕಾಲ ಹಾಗೆಯೇ ಮಾಡಿದರು. ಆದರೆ ಒಂದು ಕಾಲೇಜಿನ ಯಂತ್ರಗಳೆಲ್ಲ ಒಂದೇ ವಿಳಾಸದ ಮರೆಯಲ್ಲಿರಬಹುದು. ಊರೂರು ತಿರುಗುವವನ ಒಂದೇ ಯಂತ್ರ ಹತ್ತು ವಿಳಾಸಗಳಲ್ಲಿ ಕಾಣಿಸಿಕೊಳ್ಳಬಹುದು.

ಪ್ರತಿಯೊಂದು ಯಂತ್ರಕ್ಕೂ ಗುರುತಿನ ಸಂಖ್ಯೆ ಕೊಟ್ಟು ಬೆನ್ನು ಹತ್ತಿದರೆ ಲೆಕ್ಕ ಚೊಕ್ಕವಾದೀತು. ತೊಡಕಿರುವುದು ಇಲ್ಲಿಯೇ. ಯಾರ ಕಣ್ಗಾವಲೂ ಬೇಡವೆಂದು ಲಿನಕ್ಸನ್ನು ಆರಿಸಿಕೊಂಡವರು ಅನೇಕರು. ಅವರ ಹೆಜ್ಜೆ ಹಿಡಿದು ನಡೆದರೆ ಸಂಖ್ಯೆ ದಕ್ಕೀತು, ನಂಬಿಕೆ ಕೆಟ್ಟೀತು. ಆದುದರಿಂದ ೨೦೨೦ರಲ್ಲಿ ಫೆಡೋರಾದ ೩೨ನೆಯ ಆವೃತ್ತಿಯೊಡನೆ ಮತ್ತೊಂದು ಉಪಾಯ ಬಂದಿತು. ಯಂತ್ರವು ವಾರಕ್ಕೊಮ್ಮೆ ‘ನನ್ನನ್ನು ಎಣಿಸಿಕೊಳ್ಳಿ’ ಎಂಬ ಸಣ್ಣ ಸೂಚನೆ ಕಳುಹಿಸುತ್ತದೆ; ಜೊತೆಗೆ ತಾನು ಹೊಸದೋ ಹಳೆಯದೋ ಎಂಬುದನ್ನು ಸ್ಥೂಲವಾಗಿ ತಿಳಿಸುತ್ತದೆ. ತನ್ನದೇ ಆದ ಗುರುತಿನ ಸಂಖ್ಯೆಯನ್ನು ಮಾತ್ರ ಕೊಡುವುದಿಲ್ಲ.

ಡೆಬಿಯನ್ನಿನವರ ಸಂಕೋಚ ಇನ್ನೂ ಹೆಚ್ಚಿನದು. ಯಾವ ತಂತ್ರಾಂಶಗಳು ಬಳಕೆಯಲ್ಲಿವೆಯೆಂದು ವರದಿ ಕಳುಹಿಸಲು ಒಪ್ಪಿಗೆಯೇ ಎಂದು ಅವರು ಮೊದಲೇ ಕೇಳುತ್ತಾರೆ. ಸುಮ್ಮನಿದ್ದರೆ ‘ಇಲ್ಲ’ವೆಂದೇ ಅರ್ಥ. ಬಂದಷ್ಟು ಉತ್ತರಗಳ ಆಧಾರದಿಂದ ಮೊದಲನೆಯ ಅಡಕಮುದ್ರಿಕೆಯಲ್ಲಿ ಯಾವುದಕ್ಕೆ ಸ್ಥಳ ಕೊಡಬೇಕೆಂಬುದನ್ನು ನಿರ್ಧರಿಸುತ್ತ ಬಂದರು. ಒಪ್ಪಿದವರ ಲೆಕ್ಕ ಎಲ್ಲರ ಲೆಕ್ಕವಲ್ಲವೆಂಬುದನ್ನು ಅವರು ಬಲ್ಲರು.

ಅಗ್ರಸ್ಥಾನದ ಹೆಸರನ್ನು ಕಂಡು ಮನೆಯ ಯಂತ್ರಕ್ಕೆ ವಿತರಣೆಯನ್ನು ಆರಿಸುವವರು ಆ ಸಂಖ್ಯೆ ಏನನ್ನು ಎಣಿಸಿತೆಂದು ಒಮ್ಮೆ ವಿಚಾರಿಸುವುದು ಲೇಸು. ಕಿಟಕಿಯಲ್ಲಿ ಇಣುಕಿ ತಲೆ ಎಣಿಸುವವನಿಗಿಂತ, ಬಾಗಿಲಲ್ಲಿ ನಿಂತು ಕೇಳಿ, ಹೇಳಿದಷ್ಟನ್ನೇ ಬರೆದುಕೊಂಡು ಹೋಗುವ ಗಣತಿದಾರನ ಲೆಕ್ಕದಲ್ಲಿ ಮನೆಗಳು ಕೆಲವು ಬಿಟ್ಟುಹೋಗುತ್ತವೆ. ಆದರೆ ಮುಂದಿನ ಸಲವೂ ಅವನಿಗೆ ಬಾಗಿಲು ತೆರೆಯುತ್ತದೆ.