ಬಿದಿರು, ಬುಲೂ, ಬಂಬುವೊ

ಮಲೇಷ್ಯಾದಲ್ಲಿರುವ ನಿಮಗೆ ಕೌಲಾಲಂಪುರದ ಪಕ್ಕದ ಸುಂಗೈ ಬುಲೋ ಗೊತ್ತಿದ್ದೇ ಇರುತ್ತದೆ. ಮುಂದಿನ ಸಲ ಎಂಆರ್‌ಟಿಯಲ್ಲಿ ಆ ನಿಲ್ದಾಣ ಬಂದಾಗ, ಅದರ ಹೆಸರನ್ನು ಕನ್ನಡದಲ್ಲಿ ಹೇಳಲು ಮಕ್ಕಳನ್ನು ಕೇಳಿ. ಮಲಯ ಭಾಷೆಯಲ್ಲಿ ಸುಂಗೈ ಎಂದರೆ ಹೊಳೆ, ಬುಲೂ ಎಂದರೆ ಬಿದಿರು. ಸುಂಗೈ ಬುಲೋ ಅಂದರೆ ಬಿದಿರುಹೊಳೆ!

ಮಲಯದಲ್ಲಿ ಬುಲೂ, ಕನ್ನಡದಲ್ಲಿ ಬಿದಿರು. ಹಾಗಾದರೆ ಇಂಗ್ಲಿಷಿನ 'ಬ್ಯಾಂಬೂ' ಎಲ್ಲಿಂದ ಬಂತು? 1887ರಲ್ಲಿ ಜಾಮೆನ್‌ಹೋಫ್ ಎಂಬ ಕಣ್ಣಿನ ವೈದ್ಯ ವಾರ್ಸಾದಲ್ಲಿ ಪ್ರಕಟಿಸಿದ ಎಸ್ಪೆರಾಂಟೊ ಭಾಷೆಯಲ್ಲೂ ಅದು 'ಬಂಬುವೊ'. ಆ ಭಾಷೆಯ ನಾಮಪದಗಳೆಲ್ಲ 'ಒ'ಕಾರದಲ್ಲಿ ಮುಗಿಯುತ್ತವೆ. ಯುರೋಪಿನ ಪದಕ್ಕೆ ಆ ಬಾಲ ಸೇರಿದೆ, ಅಷ್ಟೆ.

ಯುರೋಪಿಗೆ ಈ ಪದವನ್ನು ಒಯ್ದವರು ಪೋರ್ಚುಗೀಸರು. 1563ರಲ್ಲಿ ಗೋವಾದಲ್ಲಿ ಅಚ್ಚಾದ ವೈದ್ಯ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲಿ ಅದು 'ಮಂಬು'. ಅವರಿಗೆ ಅದು ಸಿಕ್ಕಿದ್ದು ಎಲ್ಲಿ ಎಂಬುದೇ ಜಗಳ. 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಎರಡೂ ಕಡೆಯ ವಾದವನ್ನು ಕೊಡುತ್ತದೆ. ವಿಲ್ಸನ್ ಪ್ರಕಾರ ಅದು ಕನ್ನಡದ್ದು. ಉರಿಯುವಾಗ ಸಿಡಿಯುವ ಸದ್ದಿನಿಂದಲೇ 'ಬೊಂಬು' ಹುಟ್ಟಿತು ಎಂಬ ವಿವರಣೆಯೂ ಅಲ್ಲಿದೆ. ಮಾರ್ಸ್‌ಡನ್ ಅದನ್ನು ಮಲಯ ನಿಘಂಟಿಗೆ ಸೇರಿಸಿದ. ಸುಮಾತ್ರದ ಪಶ್ಚಿಮ ಕರಾವಳಿ ಬಿಟ್ಟರೆ ಮಲಯದಲ್ಲಿ ಅದು ಬೇರೆಲ್ಲೂ ಇಲ್ಲ ಎಂದ ಕ್ರಾಫರ್ಡ್. ಕೊನೆಗೆ ನಿಘಂಟುಕಾರರು ಮೂಲ ಅಸ್ಪಷ್ಟ ಎಂದೇ ಬರೆದರು.

'ಜಗತ್ತಿಗೆ ಬ್ಯಾಂಬೂ ಕೊಟ್ಟಿದ್ದೇ ಕನ್ನಡ' ಎಂದು ಮಕ್ಕಳಿಗೆ ಹೇಳಿಬಿಡುವ ಆಸೆ ನಮಗೆಲ್ಲ ಆಗುತ್ತದೆ. ಸಂಶೋಧಕಿಯಾಗಿ ನನ್ನ ಸಲಹೆ: 'ಇರಬಹುದು' ಎನ್ನಿ. ಆಮೇಲೆ ಎರಡೂ ಕಡೆಯ ಸಾಕ್ಷಿ ಮುಂದಿಟ್ಟು, ಯಾವುದು ಗಟ್ಟಿ ಎಂದು ಅವರನ್ನೇ ಕೇಳಿ. ನಾಳೆ ಶಾಲೆಯಲ್ಲಿ ಮಲಯ ಗೆಳೆಯರೊಬ್ಬರು 'ಅದು ನಮ್ಮ ಪದ' ಎಂದರೆ ನಿಮ್ಮ ಮಗು ಪೆಚ್ಚಾಗಬೇಕಿಲ್ಲ. ಹೇಳಲು ಒಂದು ಒಳ್ಳೆಯ ಕತೆ ಇರುತ್ತದೆ.

ಹೆಮ್ಮೆಗಿಂತ ಪದಗಳು ಹೆಚ್ಚು ಕಾಲ ಉಳಿಯುತ್ತವೆ. ಮೆಳೆಯಲ್ಲಿ ನಿಂತಾಗ ಬಿದಿರು, ಕಡಿದು ಚಪ್ಪರಕ್ಕೆ ನಿಲ್ಲಿಸಿದಾಗ ಬೊಂಬು, ಎಳೆಯ ಮೊಳಕೆ ಕಳಲೆ. ಇಲ್ಲಿಯ ಮಾರುಕಟ್ಟೆಯಲ್ಲಿ 'ರೆಬುಂಗ್' ಎಂದು ಮಾರುವುದು ಅದೇ ಕಳಲೆ. ಒಮ್ಮೆ ತಂದು ಪಲ್ಯ ಮಾಡಿ, ಎರಡೂ ಹೆಸರು ಹೇಳಿ ಬಡಿಸಿ.

ಬಿದಿರನ್ನು ಬಗ್ಗಿಸುವುದಾದರೆ ರೆಬುಂಗ್ ಆಗಿದ್ದಾಗಲೇ ಬಗ್ಗಿಸಬೇಕು ಎಂಬುದು ಮಲಯರ ಗಾದೆ. ನಮ್ಮದು ಗೊತ್ತಲ್ಲ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎರಡನ್ನೂ ಈ ವಾರ ಮಕ್ಕಳಿಗೆ ಕಲಿಸಿ. ಮನೆಮಾತು ಕಲಿಸಲು ಇನ್ನೂ ಸ್ವಲ್ಪ ದೊಡ್ಡವರಾಗಲಿ ಎಂದು ಕಾಯುತ್ತಿದ್ದರೆ, ಎರಡೂ ಗಾದೆ ನಮಗೂ ಅನ್ವಯಿಸುತ್ತವೆ.